ಡೇರೆ ಹಿಳ್ಳಿನ ಇತಿಹಾಸ

ಇತಿಹಾಸ ಅಂದ್ರೆ ರಾಜರು, ಯುದ್ಧ, ಇಸವಿ ಅಂತಲೇ ಓದಿಕೊಂಡು ಬಂದವರು ನಾವು. ಆದರೆ ನಮ್ಮ ಮಲೆನಾಡಿನ ಅಂಗಳದಲ್ಲಿ ಮಳೆಗಾಲದಲ್ಲಿ ಅರಳುವ ಡೇರೆ ಹೂವಿಗೂ ಒಂದು ಇತಿಹಾಸ ಇದೆ. ಅದನ್ನು ಮುಂದುವರಿಸಿದವರು ಅಮ್ಮ, ದೊಡ್ಡಮ್ಮ, ಅತ್ತೆಯರು.

ನೀವು ನರ್ಸರಿಯಲ್ಲಿ ಡೇಲಿಯಾ ಅಂತ ಕೇಳಿ ತರ್ತೀರಲ್ಲ, ಅದೇ ನಮ್ಮ ಕಡೆ ಡೇರೆ. ಅದರ ತವರು ಮೆಕ್ಸಿಕೋ. 1789ರಲ್ಲಿ ಅಲ್ಲಿನ ಸಸ್ಯೋದ್ಯಾನದಿಂದ ಸ್ಪೇನಿನ ಮ್ಯಾಡ್ರಿಡ್ ಉದ್ಯಾನಕ್ಕೆ ಬಂತು. 1791ರಲ್ಲಿ ಕವನಿಲ್ಲೆಸ್ ಎಂಬ ಸಸ್ಯವಿಜ್ಞಾನಿ ಸ್ವೀಡನ್ನಿನ ಆಂಡರ್ಸ್ ಡಾಲ್ ನೆನಪಿಗೆ ಆ ಹೆಸರಿಟ್ಟ. ಅಲ್ಲಿಂದ ಯುರೋಪಿನ ತೋಟಗಳಿಗೆಲ್ಲ ಹಂಚಿಹೋಯಿತು.

ಆಗ ಹಡಗಿನಲ್ಲಿ ಹೊರಟ ಗಿಡಗಳು ಉಪ್ಪುಗಾಳಿಗೆ, ಸಿಹಿನೀರಿಲ್ಲದೆ ದಾರಿಯಲ್ಲೇ ಸಾಯುತ್ತಿದ್ದವು. ಇದಕ್ಕೆ ಉಪಾಯ ಸಿಕ್ಕಿದ್ದು ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್‌ಗೆ. ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಗಿಡ ತನ್ನದೇ ತೇವದಲ್ಲಿ ಬದುಕುತ್ತೆ ಅಂತ ಆತ ಕಂಡುಕೊಂಡ. 1833ರಲ್ಲಿ ಅಂಥ ಪೆಟ್ಟಿಗೆಗಳು ಸಿಡ್ನಿಗೆ ಹೋದವು, ಗಿಡ ಜೀವಂತ ತಲುಪಿತು. ಆಮೇಲೆ ಟೀ, ಸಿಂಕೋನಾ, ರಬ್ಬರ್ ಎಲ್ಲವೂ ಖಂಡ ದಾಟಿದವು. ಅಲ್ಲಿ ಇದ್ದದ್ದು ಸಾಮ್ರಾಜ್ಯದ ಲಾಭದ ಲೆಕ್ಕ, ಬಿಡಿ.

ನಮ್ಮ ಲಾಲ್‌ಬಾಗ್ ಕೂಡ ಇದೇ ಕೊಡು-ಕೊಳ್ಳುವಿಕೆಯ ಕೂಸು. 1760ರಲ್ಲಿ ಹೈದರಾಲಿ ಶುರುಮಾಡಿದ, ಟಿಪ್ಪು ಹೊರದೇಶಗಳಿಂದ ಬೀಜ, ಸಸಿ ತರಿಸಿದ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಮುಂದೆ ಅಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಜಾನ್ ಕ್ಯಾಮರಾನ್ ಬೆಂಗಳೂರಿಗೆ ಸೀಮೆಬದನೆ ಪರಿಚಯಿಸಿದ. ಅದರ ತವರೂ ಮೆಕ್ಸಿಕೋ ಕಡೆಯೇ. ಒಂದು ಬಳ್ಳಿ ಹಬ್ಬಿತೋ, ಒಂದು ಮನೆಯವರು ತಿಂದು ಮುಗಿಸೋಕಾಗಲ್ಲ. ಬುಟ್ಟಿಯಲ್ಲಿ ಇಟ್ಟ ಕಾಯಿ ಅಲ್ಲೇ ಮೊಳಕೆ ಒಡೆಯುತ್ತೆ. ಪಕ್ಕದ ಮನೆಗೆ ಕೊಡದೆ ಬೇರೆ ದಾರಿಯೇ ಇಲ್ಲ! ತಮಿಳರು ಇವತ್ತಿಗೂ ಅದನ್ನು ಬೆಂಗಳೂರು ಕತ್ತರಿಕಾಯಿ ಅಂತಾರೆ.

ಇಷ್ಟೆಲ್ಲ ದಾಖಲೆಯಲ್ಲಿದೆ. ತೋಟದಿಂದ ಹಳ್ಳಿಯ ಅಂಗಳಕ್ಕೆ ಬಂದ ದಾರಿ ಮಾತ್ರ ಯಾವ ಕಡತದಲ್ಲೂ ಇಲ್ಲ. ಅದು ಬಾಳೆಪಟ್ಟೆಯಲ್ಲಿ ಸುತ್ತಿಕೊಂಡು ಬಂತು. ಮದುವೆಗೋ ತಿಥಿಗೋ ಹೋದ ಹೆಂಗಸರು ಊಟ ಮುಗಿಸಿ ಮೊದಲು ನೋಡೋದು ಆ ಮನೆಯ ಹೂವಿನ ಗಿಡಗಳನ್ನ. "ಈ ಬಣ್ಣದ್ದು ನಮ್ಮಲ್ಲಿಲ್ಲ ಕಣೇ, ಒಂದು ಹಿಳ್ಳು ಕೊಡು." "ತಗೊಂಡ್ಹೋಗು ಅತ್ತಿಗೆ, ನಿಮ್ಮನೆ ಬಿಳಿದು ಈ ಸಲ ಮರೀಬೇಡಿ ಮತ್ತೆ." ಕೇಳಿದ್ರೆ ಕೊಡದವರ ಮನೆಯ ಗೆಲ್ಲು ಕದ್ದಾದರೂ ಬರುತ್ತಿತ್ತು, ಕದ್ದು ತಂದ ಗಿಡ ಚೆನ್ನಾಗಿ ಹತ್ತುತ್ತೆ ಅನ್ನೋ ಶಾಸ್ತ್ರ ಬೇರೆ.

ಈ ಹಂಚಿಕೆ ಬರೀ ಪ್ರೀತಿಗಲ್ಲ, ಅದಕ್ಕೊಂದು ಗಟ್ಟಿ ಕಾರಣವಿದೆ. ಡೇರೆಯನ್ನು ಬೀಜದಿಂದ ಬೆಳೆಸಿದರೆ ತಾಯಿಯಂಥದ್ದೇ ಹೂ ಬರಲ್ಲ. ಅದೇ ಬಣ್ಣ, ಅದೇ ಎಸಳು ಬೇಕಂದ್ರೆ ಮೊಳಕೆಯ ಕಣ್ಣಿರುವ ಗಡ್ಡೆಯನ್ನೇ ಭಾಗ ಮಾಡಬೇಕು, ಇಲ್ಲಾ ಹಿಳ್ಳು ಚಿವುಟಿ ಬೇರು ಬರಿಸಬೇಕು. ಮಳೆ ಜಾಸ್ತಿಯಾಗಿ ಗಡ್ಡೆ ಕೊಳೆಯಿತೋ, ಹೆಗ್ಗಣ ತಿಂತೋ, ಆ ಬಣ್ಣ ಆ ಮನೆಯಲ್ಲಿ ಮುಗೀತು. ಆಗ ಹೋಗೋದೆಲ್ಲಿಗೆ? ಹಿಂದೆ ಯಾರಿಗೆ ಕೊಟ್ಟಿದ್ದೆವೋ ಅವರ ಮನೆಗೆ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಇದು ಬ್ಯಾಕಪ್. ಸರ್ವರ್ ಹತ್ತು ಕಡೆ ಇಡೋದನ್ನ ನಾವು ಬಿಇ ಮಾಡಿ ಕಲಿತೆವು. ಅಮ್ಮಂದಿರು ಹತ್ತು ಅಂಗಳದಲ್ಲಿ ಅದನ್ನೇ ಮಾಡಿಟ್ಟಿದ್ದರು.

ಈಗ ಆ ಹತ್ತು ಅಂಗಳಗಳೇ ಕಡಿಮೆಯಾಗ್ತಿವೆ. ನನ್ನಂಥ ಮಕ್ಕಳೆಲ್ಲ ಬೆಂಗಳೂರಲ್ಲಿ, ಊರಿನ ಕೆಲವು ಮನೆಗಳಿಗೆ ಬೀಗ. ಬೀಗ ಹಾಕಿದ ಮನೆಯ ಗಡ್ಡೆ ಮುಂದಿನ ಮಳೆಗೆ ತೆಗೆಯುವವರಿಲ್ಲ. ಹೆಸರೇ ಇಲ್ಲದ, "ಭಾಗೀರಥತ್ತೆ ಮನೆ ಕೆಂಪು" ಅಂತಷ್ಟೇ ಕರೆಸಿಕೊಂಡ ಬಣ್ಣಗಳು ಯಾವ ಆ್ಯಪ್‌ನಲ್ಲೂ ಆರ್ಡರ್ ಮಾಡೋಕೆ ಸಿಗಲ್ಲ. ಅವು ಉಳಿಯಬೇಕಂದ್ರೆ ನಿಮ್ಮ ಬಾಲ್ಕನಿಯೂ ಒಂದು ಅಂಗಳ ಆಗಬೇಕು. ಮುಂದಿನ ಸಲ ಊರಿಗೆ ಹೋದಾಗ ಉಪ್ಪಿನಕಾಯಿ ಜೊತೆ ಒಂದು ಗಡ್ಡೆಯನ್ನೂ ಕೇಳಿ ತನ್ನಿ. ಮರುವರ್ಷ ಅದು ನಾಲ್ಕಾದಾಗ ಮೂರನ್ನು ಎದುರು ಮನೆಯವರಿಗೆ, ಮೇಲಿನ ಮನೆಯವರಿಗೆ ಕೊಟ್ಟುಬಿಡಿ.