ಸ್ವತಂತ್ರ ಭಾರತದ ಪ್ರಥಮ ಮಂತ್ರಿಮಂಡಲ

ರಾಜ್ಯಕ್ಕೆ ಮಂತ್ರಿಗಳೆಷ್ಟು ಜನರಿರಬೇಕೆಂಬ ವಿಚಾರವು ನಮ್ಮ ನೀತಿಶಾಸ್ತ್ರದಲ್ಲಿ ಬಹು ಪುರಾತನವಾದುದು. ಮಾನವರು 12, ಬಾರ್ಹಸ್ಪತ್ಯರು 16, ಔಶನಸರು 20 ಎಂದು ಹೇಳಿದರೆಂಬುದನ್ನು ಅರ್ಥಶಾಸ್ತ್ರದಲ್ಲಿ ಅನುವಾದಿಸಿ, ಕೌಟಿಲ್ಯನು ಸಾಮರ್ಥ್ಯಾನುಸಾರವಾಗಿ ಇರಲೆಂದು ತನ್ನ ಮತವನ್ನು ಸ್ಥಾಪಿಸುತ್ತಾನೆ. ಮಂತ್ರಿಗಳು ಯಾವ ಯಾವ ವರ್ಗದವರಿರಬೇಕೆಂಬುದನ್ನು ಮಹಾಭಾರತದ ಶಾಂತಿಪರ್ವವು ವಿಚಾರಿಸಿ, ನಾಲ್ಕು ವರ್ಣದವರಿಗೂ ಅಲ್ಲಿ ಸ್ಥಾನವನ್ನು ಕಲ್ಪಿಸುತ್ತದೆ. ಸಂಖ್ಯೆ, ವರ್ಗ ಎಂಬ ಇವೆರಡು ಪ್ರಶ್ನೆಗಳ ಆಚೆಗೆ ಮೂರನೆಯದೊಂದುಂಟು. ಭಿನ್ನಭಿನ್ನರಾದ ಮಂತ್ರಿಗಳು ಏಕಮಂಡಲವಾಗುವುದು ಯಾವುದರಿಂದ? 1946 ಮತ್ತು 1947ನೆಯ ಇಸವಿಗಳಲ್ಲಿ ದಿಲ್ಲಿಯಲ್ಲಿ ಒಂದರ ಹಿಂದೊಂದು ಅಧಿಕಾರ ವಹಿಸಿದ ಎರಡು ಮಂಡಲಗಳ ವೃತ್ತಾಂತವು ಈ ಪ್ರಶ್ನೆಗೆ ಉತ್ತಮವಾದ ಉದಾಹರಣೆಯಾಗಿದೆ.

1946ನೆಯ ಸೆಪ್ಟೆಂಬರ್ 2ರಂದು ಮಧ್ಯಂತರ ಸರ್ಕಾರವು 12 ಮಂದಿಯಿಂದ ರಚಿತವಾಯಿತು. ಜವಾಹರಲಾಲ ನೆಹರು ಅವರು ವೈಸರಾಯರ ಕಾರ್ಯನಿರ್ವಾಹಕ ಮಂಡಲಿಯ ಉಪಾಧ್ಯಕ್ಷರಾದರು. ಅಕ್ಟೋಬರ್ ತಿಂಗಳಲ್ಲಿ ಮುಸ್ಲಿಂ ಲೀಗು ಪ್ರವೇಶಿಸಲೊಪ್ಪಲು, ಮೊದಲಿನವರಲ್ಲಿ ಮೂವರು ಸ್ಥಾನವನ್ನು ಬಿಟ್ಟುಕೊಟ್ಟರು; ಲೀಗಿನ ಪಕ್ಷದಿಂದ ಐವರು ಬಂದರು. ಹೀಗೆ ಒಟ್ಟು ಸಂಖ್ಯೆ 14 ಆಯಿತು. ಗೃಹಖಾತೆಯು ವಲ್ಲಭಭಾಯಿ ಪಟೇಲರಲ್ಲಿಯೇ ಉಳಿಯಿತು. ಅರ್ಥಖಾತೆಯು ಲೀಗಿನ ಲಿಯಾಕತ್ ಅಲಿ ಖಾನರಿಗೆ ಸಂದಿತು. ನ್ಯಾಯಖಾತೆಯು ಬಂಗಾಳದ ಜೋಗೇಂದ್ರನಾಥ ಮಂಡಲರದಾಯಿತು.

ಈ 14 ಮಂದಿ ಒಂದು ಮಂಡಲವಾಗಲಿಲ್ಲ. ಲೀಗಿನ ಸದಸ್ಯರು ನೆಹರು ಅವರ ನಾಯಕತ್ವವನ್ನು ಅಂಗೀಕರಿಸದೆ ಲಿಯಾಕತ್ ಅಲಿಯವರನ್ನೇ ತಮ್ಮ ಮುಖ್ಯರೆಂದೆಣಿಸಿದರು. ಡಿಸೆಂಬರ್ 9ರಂದು ಸೇರಿದ ಸಂವಿಧಾನಸಭೆಗೆ ಲೀಗು ಬರಲಿಲ್ಲ. 1947ರ ಫೆಬ್ರವರಿಯಲ್ಲಿ ಉಳಿದ ಸದಸ್ಯರು ಲೀಗಿನವರ ರಾಜೀನಾಮೆಯನ್ನು ಕೇಳಬೇಕೆಂದು ವೈಸರಾಯರನ್ನು ಒತ್ತಾಯಿಸಿದರು. ಅದೇ ತಿಂಗಳ 28ರಂದು ಮಂಡಿತವಾದ ಆಯವ್ಯಯವು 1 ಲಕ್ಷ ರೂಪಾಯಿಗೆ ಮೀರಿದ ವ್ಯಾಪಾರಲಾಭದ ಮೇಲೆ ನೂರಕ್ಕೆ 25ರಷ್ಟು ತೆರಿಗೆಯನ್ನು ಸೂಚಿಸಲು, ಮಂಡಲಿಯ ಒಳಗಿನ ವಿರಸವು ಇನ್ನಷ್ಟು ಬೆಳೆಯಿತು. ಇಬ್ಬರೊಡನೆ ಮಂತ್ರಾಲೋಚನೆ ಮಾಡುವ ರಾಜನನ್ನು ಅವರು ಕೂಡಿದರೆ ಅಡಗಿಸುವರು, ಮುನಿದರೆ ಕೆಡಿಸುವರು ಎಂಬುದು ಕೌಟಿಲ್ಯನ ಅಭಿಪ್ರಾಯ. ಇಲ್ಲಿ ಸಂಖ್ಯೆ 14 ಆಗಿದ್ದರೂ ವಸ್ತುತಃ ಇದ್ದವು ಎರಡೇ ಪಕ್ಷಗಳು. ಜುಲೈ ತಿಂಗಳಲ್ಲಿ ಖಾತೆಗಳು ಭಾರತಕ್ಕೂ ಪಾಕಿಸ್ತಾನಕ್ಕೂ ಬೇರೆಬೇರೆಯಾದುವು.

1947ನೆಯ ಆಗಸ್ಟ್ 15ರಂದು ಪ್ರಮಾಣವಚನ ಸ್ವೀಕರಿಸಿದ ಮಂತ್ರಿಮಂಡಲದಲ್ಲಿಯೂ ಪ್ರಧಾನಮಂತ್ರಿಯನ್ನು ಸೇರಿಸಿ 14 ಮಂದಿಯೇ ಇದ್ದರೆಂಬುದು ಗಮನಾರ್ಹ. ನೆಹರು ಅವರು ವಿದೇಶಾಂಗವನ್ನೂ, ಪಟೇಲರು ಗೃಹ ಹಾಗೂ ಸಂಸ್ಥಾನಗಳ ಖಾತೆಗಳನ್ನೂ, ರಾಜೇಂದ್ರ ಪ್ರಸಾದರು ಆಹಾರ ಮತ್ತು ಕೃಷಿಯನ್ನೂ, ಮೌಲಾನಾ ಆಜಾದರು ವಿದ್ಯಾಭ್ಯಾಸವನ್ನೂ ವಹಿಸಿಕೊಂಡರು. ಜಗಜೀವನರಾಮರಿಗೆ ಕಾರ್ಮಿಕಖಾತೆ, ರಫೀ ಅಹಮದ್ ಕಿದ್ವಾಯಿಯವರಿಗೆ ಸಂಪರ್ಕಖಾತೆ, ನರಹರಿ ವಿಷ್ಣು ಗಾಡಗೀಳರಿಗೆ ಕಾಮಗಾರಿ, ಗಣಿ ಮತ್ತು ವಿದ್ಯುಚ್ಛಕ್ತಿ ದೊರೆತುವು. ಏಕೈಕ ಮಹಿಳೆಯಾದ ರಾಜಕುಮಾರಿ ಅಮೃತ ಕೌರರು ಆರೋಗ್ಯಸಚಿವರಾದರು.

ಉಳಿದ ಆರು ಮಂದಿ ಕಾಂಗ್ರೆಸ್ಸಿಗೆ ಸೇರಿದವರಲ್ಲ. ನ್ಯಾಯಸಚಿವರಾದ ಭೀಮರಾವ್ ಅಂಬೇಡ್ಕರರು ಕಾಂಗ್ರೆಸ್ಸಿನ ತೀವ್ರ ವಿಮರ್ಶಕರು. ಕೈಗಾರಿಕೆಯನ್ನು ವಹಿಸಿದ ಶ್ಯಾಮಪ್ರಸಾದ ಮುಖರ್ಜಿಯವರು ಹಿಂದೂ ಮಹಾಸಭೆಯ ಅಧ್ಯಕ್ಷರಾಗಿದ್ದವರು. ಅರ್ಥಸಚಿವ ಷಣ್ಮುಖಂ ಚೆಟ್ಟಿಯವರು ಜಸ್ಟಿಸ್ ಪಕ್ಷದಲ್ಲಿದ್ದು ಕೊಚ್ಚಿಯ ದಿವಾನಗಿರಿ ನಡೆಸಿದವರು. ರಕ್ಷಣಾಸಚಿವ ಬಲದೇವ ಸಿಂಹರು ಸಿಖ್ಖರ ಪ್ರತಿನಿಧಿ. ವಾಣಿಜ್ಯದ ಭಾಭಾ ಅವರು ಪಾರಸಿ ಉದ್ಯಮಿ. ರೈಲ್ವೆಯ ಜಾನ್ ಮಥಾಯಿಯವರು ಅರ್ಥಶಾಸ್ತ್ರಜ್ಞರು.

ಇಲ್ಲೊಂದು ಶಂಕೆ ಹುಟ್ಟಬಹುದು. ಎರಡನೆಯ ಮಂಡಲದಲ್ಲಿ ಕಾಂಗ್ರೆಸ್ಸಿನವರೇ ಅಧಿಕವಾಗಿದ್ದುದರಿಂದ ಅದು ನಿಂತಿತು, ಇದರಲ್ಲಿ ವಿಶೇಷವೇನು? ಎಂದು. ಸಮಾಧಾನವೇನೆಂದರೆ, ಮೊದಲನೆಯದರಲ್ಲಿಯೂ ಲೀಗಿನ ಐವರನ್ನು ಕಳೆದರೆ ಉಳಿದ ಒಂಬತ್ತು ಮಂದಿ ನೆಹರು ಅವರೊಡನೆ ಇದ್ದವರೇ. ಆದುದರಿಂದ ಬಹುಸಂಖ್ಯೆಯು ಇಲ್ಲಿ ಕಾರಣವಲ್ಲ. ಮೊದಲನೆಯ ಮಂಡಲದಲ್ಲಿ ಲೀಗಿನ ಮಂತ್ರಿಯು ಹೊರಗಿನ ಪಕ್ಷದ ದೂತನಾಗಿ ಕುಳಿತನು. ಎರಡನೆಯದರಲ್ಲಿ ವಿರೋಧಿಯೆನಿಸಿದ್ದವನೂ ಪ್ರಧಾನಮಂತ್ರಿಯ ಆಹ್ವಾನದಿಂದ ಬಂದು, ಮಂಡಲದ ನಿರ್ಣಯಕ್ಕೆ ತಾನೂ ಹೊಣೆಯೆಂದು ಒಪ್ಪಿ ಕುಳಿತನು. ಬಿಡಿಬಿಡಿಯಾದ ಪದಗಳು ಪರಸ್ಪರ ಅಪೇಕ್ಷೆಯುಳ್ಳವಾಗಿ ಒಂದೇ ಪ್ರಯೋಜನವನ್ನು ಸಾಧಿಸಿದರೆ ಏಕವಾಕ್ಯವಾಗುವುವೆಂದು ಮೀಮಾಂಸಕರ ಸಿದ್ಧಾಂತ. ಮಂತ್ರಿಮಂಡಲಕ್ಕೂ ಈ ನ್ಯಾಯವು ಸಲ್ಲುತ್ತದೆ.

ಏಕವಾಕ್ಯತೆ ಇಲ್ಲವಾದಾಗ ಮಂತ್ರಿಯು ಮಾಡತಕ್ಕದ್ದೇನೆಂಬುದನ್ನೂ ಈ ಮಂಡಲವೇ ತೋರಿಸಿತು. ಆದಾಯ ತೆರಿಗೆಯ ತನಿಖೆಯ ಬಗೆಗೆ ವಿವಾದವೇಳಲು ಷಣ್ಮುಖಂ ಚೆಟ್ಟಿಯವರು 1948ರಲ್ಲಿ ಅಧಿಕಾರವನ್ನು ತ್ಯಜಿಸಿದರು. 1950ರ ಏಪ್ರಿಲ್‌ನಲ್ಲಿ ಪಾಕಿಸ್ತಾನದೊಡನಾದ ಅಲ್ಪಸಂಖ್ಯಾತರ ಒಪ್ಪಂದವನ್ನು ಒಪ್ಪದೆ ಮುಖರ್ಜಿಯವರು ಹೊರಬಂದರು. ಅದೇ ವರ್ಷ, ಆಗ ಅರ್ಥಸಚಿವರಾಗಿದ್ದ ಮಥಾಯಿಯವರು ಯೋಜನಾ ಆಯೋಗದ ಅಧಿಕಾರವ್ಯಾಪ್ತಿಯ ವಿಷಯದಲ್ಲಿ ಭಿನ್ನಮತ ತಳೆದು ಹೊರಟರು. ಹಿಂದೂ ಸಂಹಿತೆಯ ಮಸೂದೆಯು ಕೈಗೂಡದಿರಲು ಅಂಬೇಡ್ಕರರು 1951ರಲ್ಲಿ ರಾಜೀನಾಮೆ ಕೊಟ್ಟರು. ಹೀಗೆ ಈ ನಾಲ್ವರು ಪ್ರಥಮ ಮಹಾಚುನಾವಣೆ ಮುಗಿಯುವ ಮೊದಲೇ ಹೊರಗಾದರು.

ಇದನ್ನು ಮಂಡಲದ ವೈಫಲ್ಯವೆಂದು ಎಣಿಸುವವರುಂಟು. ನಷ್ಟವು ಸಣ್ಣದಲ್ಲ, ಸಮರ್ಥರು ಹೋದರು, ವಿವಿಧ ಮತಗಳಿಗಿದ್ದ ಪೀಠಗಳು ಕಡಿಮೆಯಾದುವು. ಆದರೂ ಒಳಗಿದ್ದು ರಾಜ್ಯಕಾರ್ಯವನ್ನು ತಡೆಯುವುದಕ್ಕೂ, ಹೊರಬಂದು ಸಭೆಯ ಮುಂದೆ ಭಿನ್ನಾಭಿಪ್ರಾಯವನ್ನು ಹೇಳುವುದಕ್ಕೂ ಇರುವ ಅಂತರವು ಮಹತ್ತರವಾದುದು. ಮೊದಲನೆಯದರಿಂದ 1946ರ ಮಂಡಲವು ಸ್ತಬ್ಧವಾಯಿತು. ಎರಡನೆಯದರಿಂದ ಸಂಸತ್ತಿನಲ್ಲಿ ವಿರೋಧಪಕ್ಷಕ್ಕೆ ವಾಣಿ ಬಂದಿತು.

1950ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ 75ನೆಯ ಅನುಚ್ಛೇದದಲ್ಲಿ ಮಂತ್ರಿಪರಿಷತ್ತು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯೆಂದು ವಿಧಿಸಿತು. ಮಂತ್ರಿಗಳ ಸಂಖ್ಯೆಗೆ ಮಿತಿಯು ಬಂದುದು ಬಹುಕಾಲದ ಮೇಲೆ. 2003ರ 91ನೆಯ ತಿದ್ದುಪಡಿಯು ಅದನ್ನು ಲೋಕಸಭೆಯ ಸದಸ್ಯಸಂಖ್ಯೆಯ ನೂರಕ್ಕೆ 15ಕ್ಕೆ ನಿಲ್ಲಿಸಿತು. ಹೊಣೆಯನ್ನು ಮೊದಲು, ಎಣಿಕೆಯನ್ನು ಆಮೇಲೆ ವಿಧಿಸಿದ ಈ ಕ್ರಮವು ಯುಕ್ತವಾದುದು. 14 ಎಂಬ ಒಂದೇ ಸಂಖ್ಯೆಯು ಒಂದು ವರ್ಷದೊಳಗೆ ಕಲಹಕ್ಕೂ ಐಕಮತ್ಯಕ್ಕೂ ಆಶ್ರಯವಾದುದನ್ನು ಕಂಡವರಿಗೆ, ಕೌಟಿಲ್ಯನು ಸಂಖ್ಯೆಯನ್ನು ಕಟ್ಟದೆ ಬಿಟ್ಟುದು ಏಕೆಂಬುದು ಸ್ಪಷ್ಟವಾಗದಿರದು.