ಸಿಯಾಚಿನ್ ನಡೆದು ಅಳೆದ ಗಂಡ ಹೆಂಡತಿ

ಸಿಯಾಚಿನ್ ಎಂಬ ಹೆಸರು ನಮ್ಮ ಹಳ್ಳಿಗಳ ಮನೆಮಾತಾದದ್ದು 2016ರ ಫೆಬ್ರುವರಿಯಲ್ಲಿ. ಧಾರವಾಡ ಜಿಲ್ಲೆ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರು ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕಾಗ ಊರೂರಲ್ಲಿ ಪೂಜೆ, ಪ್ರಾರ್ಥನೆ ನಡೆದವು. ಫೆಬ್ರುವರಿ 11ರಂದು ಅವರು ತೀರಿಕೊಂಡರು.

ಅದೇ ಸಿಯಾಚಿನ್ ಮೇಲೆ 1912ರಲ್ಲಿ, ಅಲ್ಲಿ ಯಾವ ಸೈನ್ಯವೂ ಇಲ್ಲದ ಕಾಲದಲ್ಲಿ, ಗಂಡ ಹೆಂಡತಿ ಇಬ್ಬರು ಡೇರೆ ಹಾಕಿದ್ದರು. ಹೆಂಡತಿ ಫ್ಯಾನಿ ಬುಲಕ್ ವರ್ಕ್‌ಮನ್‌ಗೆ ಆಗ 53 ವರ್ಷ. ಗಂಡ ವಿಲಿಯಂ ಹಂಟರ್ ವರ್ಕ್‌ಮನ್‌ಗೆ 65. ನಮ್ಮಲ್ಲಾದರೆ ಕಟ್ಟೆ ಮೇಲೆ ಕೂತು ಮೊಮ್ಮಕ್ಕಳನ್ನು ಆಡಿಸುವ ವಯಸ್ಸು.

ಇಬ್ಬರೂ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದವರು. ಫ್ಯಾನಿಯ ತಂದೆ ಅಲ್ಲಿ ಗವರ್ನರ್ ಆಗಿದ್ದವರು. ವಿಲಿಯಂ ಡಾಕ್ಟರು. 1889ರಲ್ಲಿ ಆರೋಗ್ಯ ಕೆಟ್ಟು ವಿಲಿಯಂ ವೃತ್ತಿ ಬಿಟ್ಟರು, ಸಂಸಾರ ಜರ್ಮನಿಗೆ ಹೋಯಿತು. 1893ರಲ್ಲಿ ಪುಟ್ಟ ಮಗ ಸೀಗ್‌ಫ್ರೀಡ್ ನ್ಯುಮೋನಿಯಾದಿಂದ ತೀರಿಕೊಂಡ. ಮುಂದೆ ಒಂದು ಶಿಖರಕ್ಕೆ ಅವರು ಆ ಮಗನ ಹೆಸರಿಟ್ಟರು. ಮಗಳೊಬ್ಬಳು ಇದ್ದಳು. ಅವಳು ಬೆಳೆದದ್ದು ಹೆಚ್ಚಾಗಿ ದಾದಿಯರ ಕೈಯಲ್ಲಿ, ವಸತಿ ಶಾಲೆಗಳಲ್ಲಿ. ಇವರ ತಿರುಗಾಟಕ್ಕೆ ಅವಳೂ ಒಂದು ಬೆಲೆ ತೆತ್ತಳು ಎಂದೇ ನಮಗೆ ಅನ್ನಿಸುತ್ತದೆ.

ಮೊದಲು ಸೈಕಲ್ಲು. ಅಲ್ಜೀರಿಯಾ, ಸ್ಪೇನ್ ಸುತ್ತಿ 1897ರ ಕೊನೆಗೆ ಈ ಕಡೆ ಬಂದರು. ಕನ್ಯಾಕುಮಾರಿಯಿಂದ ಹಿಮಾಲಯದವರೆಗೆ ಸೈಕಲ್ ತುಳಿದರು. ತುಳಿದದ್ದು 14,000 ಮೈಲಿ ಎಂದು ತಮ್ಮ ಪುಸ್ತಕದ ಹೆಸರಿನ ಜೊತೆಗೇ ಅಚ್ಚು ಹಾಕಿಸಿದರು. 1898ರ ಬೇಸಿಗೆಯಲ್ಲಿ ಬಯಲಿನ ಸೆಕೆ ತಾಳದೆ ಸೈಕಲ್ ಬಿಟ್ಟು ಕಾಶ್ಮೀರ, ಲಡಾಖ್ ಕಡೆ ಕಾಲ್ನಡಿಗೆಯಲ್ಲಿ ಹೊರಟರು. ಅಲ್ಲಿಂದ ಬೆಟ್ಟದ ಹುಚ್ಚು ಬಿಡಲಿಲ್ಲ. 1912ರ ತನಕ ಮತ್ತೆ ಮತ್ತೆ ಬಂದರು.

ಈ ಜೋಡಿಯಲ್ಲಿ ನಮಗೆ ಹಿಡಿಸಿದ್ದು ಕೆಲಸ ಹಂಚಿಕೊಂಡ ರೀತಿ. ಒಂದು ಸಲ ಒಬ್ಬರು ಯಾತ್ರೆಯ ಮುಂದಾಳು, ಇನ್ನೊಬ್ಬರಿಗೆ ಫೋಟೊ, ಅಳತೆಯ ಕೆಲಸ. ಮುಂದಿನ ಸಲ ಅದಲು ಬದಲು. ಪುಸ್ತಕಗಳ ಮೇಲೆ ಇಬ್ಬರ ಹೆಸರೂ ಇರುತ್ತಿತ್ತು. ಫ್ಯಾನಿ ಹತ್ತಿದ್ದು ಲಂಗ ತೊಟ್ಟೇ. 1906ರಲ್ಲಿ, 47ನೇ ವಯಸ್ಸಿನಲ್ಲಿ, ಲಡಾಖ್ ಸೀಮೆಯ ನುನ್ ಕುನ್ ಬೆಟ್ಟಸಾಲಿನ ಪಿನಾಕಲ್ ಶಿಖರ ಏರಿದರು. ಎತ್ತರ ಸುಮಾರು 6,930 ಮೀಟರ್. ಮಹಿಳೆಯರಲ್ಲಿ ಆ ದಾಖಲೆ 1934ರವರೆಗೆ ನಿಂತಿತು. ಮುರಿದ ಹೆಟ್ಟಿ ಡೈರೆನ್‌ಫರ್ತ್ ಕೂಡ ಗಂಡನ ಜೊತೆ ಬೆಟ್ಟ ಹತ್ತುತ್ತಿದ್ದವರೇ.

1912ರ ಸಿಯಾಚಿನ್ ಯಾತ್ರೆಗೆ ಫ್ಯಾನಿಯೇ ಮುಂದಾಳು. 70 ಕಿಲೋಮೀಟರಿಗೂ ಉದ್ದದ ಆ ಹಿಮನದಿಯ ನಕ್ಷೆ ತಯಾರಾಯಿತು. ಅಲ್ಲಿ ಸುಮಾರು 21,000 ಅಡಿ ಎತ್ತರದಲ್ಲಿ, ಹೆಂಗಸರಿಗೆ ಮತದಾನದ ಹಕ್ಕು ಕೇಳುವ ಪತ್ರಿಕೆಯನ್ನು ಬಿಡಿಸಿ ಹಿಡಿದು ಫ್ಯಾನಿ ನಿಂತರು. ಫೋಟೊ ತೆಗೆದವರು ವಿಲಿಯಂ. ಆಗ ಅಮೆರಿಕದ ಎಲ್ಲ ಹೆಂಗಸರಿಗೂ ಮತದಾನದ ಹಕ್ಕು ಇರಲಿಲ್ಲ. ಸಂವಿಧಾನ ತಿದ್ದುಪಡಿಯಾದದ್ದು 1920ರಲ್ಲಿ.

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಅರ್ಧ. ಡೇರೆ, ಕ್ಯಾಮೆರಾ, ಸೌದೆ, ಹಿಟ್ಟು ಮೇಲಕ್ಕೆ ಹೋದದ್ದು ಯಾರ ಬೆನ್ನ ಮೇಲೆ? ಕಾಶ್ಮೀರ, ಬಾಲ್ಟಿಸ್ತಾನದ ಹಳ್ಳಿಗರ ಬೆನ್ನ ಮೇಲೆ. ಅಧಿಕಾರಿಗಳ ಹುಕುಂ ಬಂದರೆ ಹಳ್ಳಿಗರು ಹೊರೆ ಹೊರಲು ಹೋಗಬೇಕಾದ ಪದ್ಧತಿ ಆ ಸೀಮೆಯಲ್ಲಿತ್ತು. ಅದಕ್ಕೆ ಬೇಗಾರ್ ಎನ್ನುತ್ತಿದ್ದರು. ನಮ್ಮ ಹಿರಿಯರಿಗೆ ಗೊತ್ತಿದ್ದ ಬಿಟ್ಟಿ ಚಾಕರಿಯ ಹಾಗೆ. ಬೆಟ್ಟ ಹತ್ತುವ ಬೇಸಿಗೆಯೇ ಅಲ್ಲಿ ಹೊಲದ ಕೆಲಸದ ಕಾಲ ಕೂಡ. ವರ್ಕ್‌ಮನ್ ದಂಪತಿಯ ಪುಸ್ತಕಗಳಲ್ಲಿ ಕೂಲಿಗಳ ಮೇಲೆ ದೂರೋ ದೂರು: ಸೋಮಾರಿಗಳು, ಕಳ್ಳರು, ನಡುವೆ ಬಿಟ್ಟು ಓಡುವವರು. ಬೆಳೆ ನಿಂತಿರುವಾಗ, ಸಾಲದ ಬಟ್ಟೆಯಲ್ಲಿ ಹಿಮದ ಮೇಲೆ ಹೋಗೆಂದರೆ ಯಾರಿಗೆ ಮನಸ್ಸು ಬಂದೀತು? ಹೆಂಗಸರ ಹಕ್ಕಿಗೆ ಅಷ್ಟು ಎತ್ತರದಲ್ಲಿ ನಿಂತ ಫ್ಯಾನಿಗೆ ಹೊರೆಯಾಳಿನ ಹಕ್ಕು ಕಾಣಲಿಲ್ಲ.

ಸಿಯಾಚಿನ್ ಯಾತ್ರೆಯಲ್ಲಿ ಒಂದು ಜೀವವೂ ಹೋಯಿತು. ಇಟಲಿಯಿಂದ ಬಂದಿದ್ದ ಹೊರೆಯಾಳು ಚೆಸಾರೆ ಶೆನೋ ಹಿಮದ ಬಿರುಕಿಗೆ ಬಿದ್ದು ತೀರಿಕೊಂಡ. ಅವನ ಹೆಸರು ಪುಸ್ತಕದಲ್ಲಿದೆ. ಅಳತೆ ಮಾಡಿದವರಲ್ಲಿ ಸರ್ವೆ ಇಲಾಖೆಯ ಸರ್ಜನ್ ಸಿಂಗ್ ಹೆಸರೂ ಉಳಿದಿದೆ. ಹೊರೆ ಹೊತ್ತ ಹಳ್ಳಿಗರು ಅಲ್ಲಿ ಹೆಚ್ಚಾಗಿ ಬರೀ ‘ಕೂಲಿಗಳು’.

ಫ್ಯಾನಿ 1925ರಲ್ಲಿ ತೀರಿಕೊಂಡರು. ತಮ್ಮ ಆಸ್ತಿಯಲ್ಲಿ ಒಂದು ಪಾಲನ್ನು ಹೆಣ್ಣುಮಕ್ಕಳ ನಾಲ್ಕು ಕಾಲೇಜುಗಳಿಗೆ ಬರೆದಿಟ್ಟಿದ್ದರು. ವಿಲಿಯಂ 1937ರವರೆಗೆ, ತೊಂಬತ್ತು ಮುಟ್ಟಿ ಬದುಕಿದರು. ವೂಸ್ಟರ್ ಊರಿನ ಸ್ಮಶಾನದಲ್ಲಿ ಇಬ್ಬರಿಗೂ ಸೇರಿ ಒಂದೇ ಕಲ್ಲು, ಅದರ ಮೇಲೆ ಹಿಮಾಲಯದ ಮೊದಲ ಶೋಧಕರು ಎಂಬ ಬರಹ. ಬೆಟ್ಟದಲ್ಲಿ ಹುಟ್ಟಿ, ಅವರ ಮುಂದೆ ಹೊರೆ ಹೊತ್ತು ನಡೆದವರಿಗೆ ಎಲ್ಲೂ ಕಲ್ಲಿಲ್ಲ. ಇನ್ನು ಮೇಲೆ ಯಾವುದೇ ಶಿಖರದ ಫೋಟೊ ನಿಮ್ಮ ಫೋನಿಗೆ ಬಂದರೆ, ನಿಂತವರ ಜೊತೆಗೆ ಹೊತ್ತವರನ್ನೂ ಹುಡುಕಿ ನೋಡಿ.