ಚಿಕುನ್‌ಗುನ್ಯ: ಹಳ್ಳಿಗಳಲ್ಲಿ ಪತ್ತೆ ಮತ್ತು ಹತೋಟಿ

ಚಿಕುನ್‌ಗುನ್ಯ ಈಡಿಸ್ ಸೊಳ್ಳೆಯಿಂದ ಹರಡುವ, ಕೀಲುಗಳನ್ನು ಹಿಂಡುವ ವೈರಸ್ ಜ್ವರ. ಮೂರು ದಶಕಗಳ ಬಳಿಕ 2005ರ ಕೊನೆಯಲ್ಲಿ ಆಂಧ್ರಪ್ರದೇಶದಲ್ಲಿ ಮರಳಿ ಕಾಣಿಸಿಕೊಂಡಿತು. 2006ರಲ್ಲಿ ದೇಶದ ಸುಮಾರು 14 ಲಕ್ಷ ಶಂಕಿತ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಕರ್ನಾಟಕದವರು.

ರಕ್ತಪರೀಕ್ಷೆಯಿಂದ ವೈರಸ್ಸನ್ನು ಗುರುತಿಸಿದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ. ರೋಗದ ನೆಲೆಯನ್ನು ತಿಳಿಯುವುದು ಮನೆಮನೆಯ ಸಮೀಕ್ಷೆಯಿಂದ: ಹಂಡೆ, ತೊಟ್ಟಿ, ಡ್ರಮ್ಮುಗಳಲ್ಲಿ ಸೊಳ್ಳೆಮರಿಗಳಿರುವ ಮನೆಗಳನ್ನು ಎಣಿಸಲಾಗುತ್ತದೆ. ನಲ್ಲಿಯಲ್ಲಿ ದಿನವೂ ನೀರು ಬಾರದ ಊರುಗಳಲ್ಲಿ ನೀರು ತುಂಬಿಡುವುದು ಅನಿವಾರ್ಯ. ಹಗಲು ಕಚ್ಚುವ ಈ ಸೊಳ್ಳೆ ಬೆಳೆಯುವುದೂ ಅದೇ ತಿಳಿನೀರಿನಲ್ಲಿ.

ಹೊಗೆಗೆ ಹಾರುವ ಸೊಳ್ಳೆ ಸತ್ತೀತು, ತೊಟ್ಟಿಯ ಒಳಬದಿಗೆ ಅಂಟಿದ ಮೊಟ್ಟೆ ಸಾಯದು. ಮೊಟ್ಟೆ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಬರಿದು ಮಾಡಿ, ಉಜ್ಜಿ ಒಣಗಿಸಿ, ತುಂಬಿದೊಡನೆ ಮುಚ್ಚಬೇಕು. ಊರಿನ ತೊಟ್ಟಿಗೂ ಕುಷಾಯಿಗೂಡದ ನಮ್ಮ ಮನೆಗಳ ಡ್ರಮ್ಮಿಗೂ ನಿಯಮ ಒಂದೇ.